ಕೆಂಪು ಗೀರಿನ ಬೀನ್ಸ್

ಜೂನ್ 3, ಮಧ್ಯಾಹ್ನ

ಮತ್ತೆ ಅದೇ ಲೆಕ್ಕ. ನಮ್ಮ ಆಫೀಸು ಬೀಜ ಕೇಂದ್ರಕ್ಕೆ ಸುರಿದ ಹಣಕ್ಕೆ ಲಾಭ ಎಷ್ಟು? ಮಾರಿದ ಬೀಜ, ಅದರಿಂದ ಹೆಚ್ಚಿದ ಇಳುವರಿ... ಆಫೀಸಿನ ಫಾರ್ಮುಲಾ ಅಷ್ಟೇ. ಕೆಂಪು ಗೀರಿನ ಹೊಸ ಬೀನ್ಸ್ ತಳಿಯ ಮಾರಾಟ ವರ್ಷ ವರ್ಷ ಕುಸಿದಿದೆ. ಅಸಲೂ ಹುಟ್ಟಿಲ್ಲ. ಮಾರ್ಕೆಟ್ ತುಂಬ ಮಾತ್ರ ಅದೇ ಬೀನ್ಸ್! ತಲೆಬುಡ ಅರ್ಥವಾಗುತ್ತಿಲ್ಲ.

ಕೇಂದ್ರ ನಡೆಸುವವಳು ಸ್ವಂತ ಅಕ್ಕ. ತಂಗಿ ಕೈ ಸಡಿಲ ಬಿಟ್ಟಳು ಎನ್ನಿಸಿಕೊಳ್ಳಬಾರದು. ಲೆಕ್ಕ ಬಂದ ಹಾಗೇ ರಿಪೋರ್ಟ್ ಕಳಿಸಿದೆ.

ಜೂನ್ 19

ಕೇಂದ್ರ ಮುಚ್ಚಲು ಆರ್ಡರ್. ತಿಂಗಳ ಕೊನೆಗೆ ಬೀಗ. ಅಕ್ಕನ ಫೋನ್.

"ನೀನು ಲೆಕ್ಕ ಕೂಡಿದ್ದು ತಪ್ಪು ಅನ್ನಲ್ಲ ಕಣೇ. ಕೊಂಡೋರು ಮತ್ತೆ ಯಾಕೆ ಬರ್ಲಿಲ್ಲ ಅಂತ ಒಬ್ಬರನ್ನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಬೀಜ ಹಿಡಿಸಲಿಲ್ಲವೇನೋ ಎಂದುಕೊಂಡಿದ್ದೆ.

ಜೂನ್ 22, ಸಂಜೆ

ಅತ್ತೆ ಹಿತ್ತಲಲ್ಲಿ ಒಣ ಬೀನ್ಸ್ ಸುಲಿಯುತ್ತಿದ್ದರು. ಜೊತೆಗೆ ಕೂತೆ. ಕಾಳಿನ ಬೆನ್ನ ಮೇಲೆ ಕೆಂಪು ಗೀರು. ಅಕ್ಕನ ತಳಿ!

"ಇದನ್ನ ಎಲ್ಲಿ ಕೊಂಡ್ರಿ?"

"ಕೊಳ್ಳೋದ್ಯಾಕೆ? ಟೈಲರ್ ಹೆಂಡ್ತಿ ಒಂದು ಹಿಡಿ ಕೊಟ್ಳು. ಅವಳಿಗೆ ಅವಳ ನಾದಿನಿ. ನಾನು ಬೀದಿಗೆಲ್ಲ ಹಂಚಿದೀನಿ. ನಿನ್ನ ಕಣ್ಣಿಗೆ ಆಫೀಸು ಬಿಟ್ರೆ ಏನಮ್ಮ ಕಾಣತ್ತೆ?"

ಚೆನ್ನಾಗಿದ್ದದ್ದಕ್ಕೇ ಬೀಜ ಉಳಿಸಿ ಹಂಚಿಕೊಂಡರು, ಯಾರೂ ಮತ್ತೆ ಕೊಳ್ಳಲಿಲ್ಲ! ಎಣಿಸಿದ್ದು ಮಾರಿದ ಚೀಲ ಮಾತ್ರ, ಹಂಚಿದ ಹಿಡಿಗಳನ್ನಲ್ಲ. ನಾಚಿಕೆಯಾಯಿತು.

ಜೂನ್ 24

ಬಾಸ್ ಮುಂದೆ ಎಲ್ಲ ಹೇಳಿದೆ. ಟೀ ಹೀರುತ್ತಲೇ ಕೇಳಿದರು.

"ಸರಿ. ಹಿಡಿ ಹಿಡಿ ಹಂಚ್ಕೊಂಡೇ ಊರೆಲ್ಲ ಬೆಳೀತಿದ್ರೆ ಕೇಂದ್ರ ಯಾಕೆ ಬೇಕು?"

ಲಾಭ ಕಮ್ಮಿ ಎಂದರೂ ಮುಚ್ಚಬೇಕು, ಜಾಸ್ತಿ ಎಂದರೂ ಮುಚ್ಚಬೇಕು. ಇದೆಂಥ ಲೆಕ್ಕ? ಅವರ ಮಾತೂ ಸರಿ ಅನ್ನಿಸುತ್ತದೆ... ಅಕ್ಕನದೂ ಸರಿ. ಹುಚ್ಚು ಹಿಡಿಯುವುದೊಂದು ಬಾಕಿ.

ಜೂನ್ 30, ಸಂಜೆ 5

ಟ್ಯಾಕ್ಸಿ ಬರುವವರೆಗೆ ಬರೆಯುತ್ತೇನೆ. ಸುಮ್ಮನೆ ಕೂರಲಾಗುತ್ತಿಲ್ಲ.

ಮಧ್ಯಾಹ್ನ ಅತ್ತೆ ಹಿತ್ತಲಿಂದ ಕೂಗಿದರು. ಹೊಸ ಮಡಿಯ ಬೀನ್ಸ್ ಗಿಡಗಳ ಎಲೆ ಮುದುಡಿದೆ. ಹಳದಿ ಮಚ್ಚೆ.

"ಹೋದ ಸಲ ಒಂದೆರಡು ಹೀಗಿತ್ತು. ಈಗ ಎಲ್ಲ. ಟೈಲರ್ ಮನೇಲೂ ಹೀಗೇ. ಬೀಜದಲ್ಲೇ ರೋಗ ಹೊಕ್ಕಿದೆ. ನಿಮ್ಮಕ್ಕನ ಹತ್ರ ಚೊಕ್ಕ ಬೀಜ ಇರತ್ತಲ್ಲ, ಒಂದು ಹಿಡಿ ತರ್ಸು."

ಬಾಸ್ ಕೇಳಿದ್ದಕ್ಕೆ ಉತ್ತರ ಕಣ್ಣೆದುರೇ ಇತ್ತು. ಕೇಂದ್ರ ಬೇಕಾಗಿರುವುದು ಇದಕ್ಕೇ!

ಅಕ್ಕನಿಗೆ ಫೋನ್ ಮಾಡಿದೆ. ಬಾಯಿ ತೆರೆಯಲು ಬಿಡಲಿಲ್ಲ.

"ಚೊಕ್ಕ ತಾಯಿಬೀಜ ಎಲ್ಲ ಈಗಷ್ಟೇ ಲಾರಿಗೆ ಹಾಕಿಸಿದೆ. ಕಾಳಿನ ಮಂಡಿಗೆ. ಬೀಜವಾಗಿ ಬೇಡವಾದ್ರೆ ಬೇಯಿಸೋರಿಗಾದ್ರೂ ಮಾರಿ ಅಂತ ನಿಮ್ಮ ಆಫೀಸಿನೋರು ಅಂದ್ರು."

ಅವಳು ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಯಾವ ಲಾರಿ, ಯಾವ ರಸ್ತೆ — ಅಷ್ಟೇ ಕೇಳಿದೆ. ಅತ್ತೆ ಚಪ್ಪಲಿ ಹಾಕಿಕೊಂಡು ಗೇಟಲ್ಲಿ ನಿಂತಿದ್ದಾರೆ, ತಾವೂ ಬರುತ್ತಾರಂತೆ. ಹಾರ್ನ್ ಕೇಳಿಸಿತು. ಲಾರಿ ಮಂಡಿ ಮುಟ್ಟುವ ಮೊದಲು ಒಂದೇ ಒಂದು ಚೀಲವಾದರೂ —