ನಿಮ್ಮ ಮನೆಯಲ್ಲಿ ಮಾತ್ರ ಓಡುವ ಭಾಷೆ

ಚನ್ನರಾಯಪಟ್ಟಣ
ಸೆಪ್ಟೆಂಬರ್ ೨೦೦೨

ದೊಡ್ಡ ತಂತ್ರಾಂಶ ಕಂಪನಿಯ ದಕ್ಷಿಣ ವಲಯದ ತರಬೇತಿ ಮುಖ್ಯಸ್ಥರಿಗೆ

ಮಾನ್ಯರೇ,

ಎದುರಾಳಿಯ ಕಂಪ್ಯೂಟರ್ ಭಾಷೆಯೊಂದನ್ನು ನೀವು ಅಪ್ಪಿಕೊಂಡೇ ಮುಗಿಸಲು ಹೊರಟಿರಿ. ನಿಮ್ಮದು ಧೃತರಾಷ್ಟ್ರಾಲಿಂಗನ. ಅದನ್ನು ಕೈಹಿಡಿದು ನಿಮ್ಮ ತೋಳಿನವರೆಗೆ ಕರೆತಂದವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ದೂರು ಅರ್ಧ ನಿಮ್ಮ ಮೇಲೆ, ಅರ್ಧ ನನ್ನ ಮೇಲೆ.

ಬಸ್ ನಿಲ್ದಾಣದ ಎದುರು ತೆಂಗಿನಕಾಯಿ ಮಂಡಿಯ ಮಹಡಿಯಲ್ಲಿ ನನ್ನ ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ಕೆಲವು ವರ್ಷಗಳ ಹಿಂದೆ ನಿಮ್ಮದಲ್ಲದ ಆ ಭಾಷೆ ಬಂದಾಗ ನಾವೆಲ್ಲ ಹಿಗ್ಗಿದ್ದೆವು. ಅದರಲ್ಲಿ ಒಮ್ಮೆ ಬರೆದ ಪ್ರೋಗ್ರಾಂ ಯಾರ ಕಂಪ್ಯೂಟರಿನಲ್ಲಾದರೂ ಓಡುತ್ತಿತ್ತು. ನೀವು ಸಿಟ್ಟಾಗುತ್ತೀರಿ ಎಂದುಕೊಂಡಿದ್ದೆ. ಸಿಟ್ಟೆಲ್ಲಿ ಬಂತು? ನಿಮ್ಮ ಪ್ರತಿನಿಧಿ ನಮ್ಮನ್ನೆಲ್ಲ ಹಾಸನದ ಹೋಟೆಲಿಗೆ ಊಟಕ್ಕೆ ಕರೆದು, ಆ ಭಾಷೆಯನ್ನು ಬಾಯ್ತುಂಬ ಹೊಗಳಿ, ಅದರದೇ 'ಸುಧಾರಿತ' ಆವೃತ್ತಿಯೆಂದು ನಿಮ್ಮ ಸಿ.ಡಿ.ಗಳನ್ನು ಪುಕ್ಕಟೆ ಹಂಚಿದರು. ಮಾತು ಬೆಲ್ಲ, ಕರುಳು ಕತ್ತರಿ ಎಂಬ ಗಾದೆ ನನಗೂ ಗೊತ್ತಿತ್ತು. ಆದರೆ ಬೆಲ್ಲ ತಿನ್ನುವಾಗ ಗಾದೆ ಯಾರಿಗೆ ನೆನಪಾಗುತ್ತದೆ?

ದಂಡಿಗನಹಳ್ಳಿಯ ದೀಪಶ್ರೀ ನನ್ನ ವಿದ್ಯಾರ್ಥಿನಿ. ಯಾವ ತೂಬಿಗೆ ಯಾವಾಗ ನಾಲೆ ನೀರು ಬಿಡಬೇಕೆಂದು ಸರದಿ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದಳು. ಅದು ಓಡಿದರೆ ನಡೆಸುವ ಹಂಗಾಮಿ ಕೆಲಸ ಅವಳಿಗೇ ಎಂದು ಗೊರೂರು ಅಣೆಕಟ್ಟಿನ ಎಂಜಿನಿಯರೊಬ್ಬರು ಹೇಳಿದ್ದರು. ಅವರಲ್ಲಿದ್ದದ್ದು ನಿಮ್ಮ ತಂತ್ರಾಂಶವಿಲ್ಲದ ಹಳೆಯ ಕಂಪ್ಯೂಟರ್. ಅದಕ್ಕೇ ಅವಳು ಆ ಭಾಷೆಯನ್ನು ಆರಿಸಿದ್ದು. ಕೆಲಸ ಮುಗಿಯುತ್ತ ಬಂದಾಗ ನಾನು ಮೂಗು ತೂರಿಸಿ, ನಿಮ್ಮ ಆವೃತ್ತಿಗೆ ಬದಲಾಯಿಸು, ವೇಗ ಜಾಸ್ತಿ ಎಂದೆ.

"ಬ್ಯಾರೆ ಮಿಷನ್ನಲ್ಲೂ ಓಡ್ತದಾ ಸಾ?" ಎಂದು ಕೇಳಿದಳು.

"ಓಡದೆ ಏನಮ್ಮ," ಎಂದೆ. ಪರೀಕ್ಷಿಸಲು ಬೇರೆ ಬಗೆಯ ಕಂಪ್ಯೂಟರ್ ನನ್ನಲ್ಲಿರಲಿಲ್ಲ. ಗೊತ್ತಿಲ್ಲ ಎನ್ನಲು ಮೇಷ್ಟರಿಗೆ ಬಾಯಿ ಬರಲಿಲ್ಲ.

ಆ ವರ್ಷ ಆಯುಧಪೂಜೆಗೆ ನಿಮ್ಮ ಪ್ರತಿನಿಧಿ ಬರುವವರಿದ್ದರು. ಮೂಲ ಭಾಷೆಯ ಪುಸ್ತಕಗಳನ್ನು ಬೀರುವಿನ ಹಿಂದಕ್ಕೆ ತಳ್ಳಿ, ನಿಮ್ಮ ಸಿ.ಡಿ. ಡಬ್ಬಕ್ಕೆ ಮಾತ್ರ ಕುಂಕುಮ ಇಟ್ಟೆ. ಸರಸ್ವತಿಯನ್ನೂ ಒಂದು ಪಕ್ಷಕ್ಕೆ ಸೇರಿಸಿದ ಪುಣ್ಯಾತ್ಮ ನಾನು.

ಗೊರೂರಿನಲ್ಲಿ, ಎಂಜಿನಿಯರ ಎದುರು, ಪ್ರೋಗ್ರಾಂ ಮಿಸುಕಲಿಲ್ಲ. ನೀವು ಸೇರಿಸಿದ್ದ ಸುಧಾರಣೆಗಳು ನಿಮ್ಮ ಮನೆಯೊಳಗೆ ಮಾತ್ರ ಓಡುತ್ತವೆಂದು ಆಮೇಲೆ ತಿಳಿಯಿತು. ಕೆಲಸ ಕೈತಪ್ಪಿತು. ಸ್ವಲ್ಪ ಕಾಲದಲ್ಲೇ ನೀವು ಆ ಆವೃತ್ತಿಯನ್ನೂ ಕೈಬಿಟ್ಟು, ಅದನ್ನೇ ಹೋಲುವ ಸ್ವಂತ ಭಾಷೆಯೊಂದನ್ನು ಹೊರತಂದಿರಿ. ನಿಮ್ಮವರು ಬಂದು ಹಳೆಯ ಪೋಸ್ಟರಿನ ಮೇಲೆ ಹೊಸತನ್ನು ಅಂಟಿಸಿ ಹೋದರು. ಹಳೆಯದನ್ನು ಕಲಿತ ಮಕ್ಕಳನ್ನು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ.

ಅವಳ ತಾಯಿ ಪುಟ್ಟತಾಯಮ್ಮ ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಳನೀರು ತಂದು ಮೇಜಿನ ಮೇಲಿಟ್ಟು, "ನೀವಾರ ಏನ್ ಮಾಡೀರಿ ಬುಡಿ ಸಾ. ನಮ್ ಮಗೀಗೆ ಇದ್ಯೆ ಕೊಟ್ಟೋರು ನೀವು," ಎಂದರು.

ಇಷ್ಟಾದ ಮೇಲೂ ಕಳೆದ ತಿಂಗಳು ನಿಮ್ಮ 'ಅಧಿಕೃತ ಕೇಂದ್ರ'ದ ಕರಾರಿಗೆ ರುಜು ಹಾಕಿದೆ. ಪಕ್ಕದ ಬೀದಿಯ ತರಬೇತಿ ಕೇಂದ್ರದವರು ಹಾಕಿದ್ದರು, ನನಗೆ ಹೆದರಿಕೆಯಾಯಿತು. ಎದುರಾಳಿಗಳ ಯಾವುದನ್ನೂ ಇಲ್ಲಿ ಕಲಿಸಕೂಡದು, ಬಳಸಕೂಡದು ಎಂಬ ಷರತ್ತನ್ನು ಓದಿಯೇ ಹಾಕಿದೆ. ಮರುದಿನ ದೀಪಶ್ರೀ ಬಂದಳು. ಎಂಜಿನಿಯರು ಇನ್ನೊಮ್ಮೆ ನೋಡಲು ಒಪ್ಪಿದ್ದಾರಂತೆ. ಎಲ್ಲವನ್ನೂ ಮೂಲ ಭಾಷೆಯಲ್ಲೇ ಮತ್ತೆ ಬರೆಯುತ್ತಾಳಂತೆ.

"ಕಿಟಕಿ ಪಕ್ಕದ ಮಿಷನ್ ಖಾಲಿ ಐತಲ್ಲ, ಕೂತ್ಕಳ್ಳಾ ಸಾ?"

"ನಾಳೆ ನೋಡೋಣಮ್ಮ," ಎಂದೆ. ಅವಳು ಹಿಂದಿನ ದಿನವಷ್ಟೇ ಗೋಡೆಗೇರಿದ್ದ ನಿಮ್ಮ 'ಅಧಿಕೃತ ಕೇಂದ್ರ' ಬೋರ್ಡನ್ನು ಓದಿ, ಮೆಟ್ಟಿಲಿಳಿದು ಹೋದಳು.

ನಿಮ್ಮದು ಅಷ್ಟೊಂದು ಮೇಲಾದರೆ, ಕಿಟಕಿಯ ಪಕ್ಕ ಕುಳಿತು ಬೇರೆಯದನ್ನು ಬರೆಯುವ ಹುಡುಗಿಗೆ ಹೆದರುವುದೇಕೆ? ಆ ಷರತ್ತನ್ನು ಕರಾರಿನಿಂದ ತೆಗೆಯಿರಿ. ಹೊರಗೆ ಓಡದ್ದನ್ನು ಓಡದು ಎಂದು ಡಬ್ಬದ ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಆಗದಿದ್ದರೆ ಆಯುಧಪೂಜೆಗೆ ಮೊದಲು ಬಂದು ನಿಮ್ಮ ಬೋರ್ಡನ್ನು ಇಳಿಸಿಕೊಂಡು ಹೋಗಿ. ಏಣಿ ಕೆಳಗಿನ ಮಂಡಿಯಲ್ಲಿದೆ. ಕಿಟಕಿ ಪಕ್ಕದ ಕಂಪ್ಯೂಟರ್ ಅವಳದೇ ಎಂದು ದಂಡಿಗನಹಳ್ಳಿಗೆ ಹೇಳಿಕಳಿಸಿದ್ದೇನೆ. ಅವಳಿನ್ನೂ ಬಂದಿಲ್ಲ.

ಇಂತಿ,
"ಓಡದೆ ಏನಮ್ಮ" ಎಂದ ಮೇಷ್ಟರು,
ತಿರುನಾರಾಯಣ