ಎಡಕ್ಕೆ ಸರಿಸಿದ ಹಲಗೆ

ಅತ್ತಿಗೆಗೆ,

ಸುಖವಾಗಿ ಬಂದು ಸೇರಿದೆ. ಕೆಮ್ಮು ಇಳಿದಿದೆ, ನೀವು ಕಟ್ಟಿಕೊಟ್ಟ ಕಷಾಯದ ಪುಡಿ ಇನ್ನೂ ಇದೆ. ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಗ್ಯಾಲರಿಯ ಕಾವಲುಗಾರ ಕೂಡ ‘ಏನಾದ್ರೂ ಕಳ್ಕೊಂಡ್ರಾ ಸಾರ್?’ ಎಂದು ಕೇಳಿಬಿಟ್ಟ.

ನಿನ್ನೆ ಇಲ್ಲಿನ ಪ್ರದರ್ಶನದಲ್ಲಿ ಜನರೆದುರು ಕುಳಿತು ಸರಸ್ವತಿಯ ಚಿತ್ರ ಬರೆಯಬೇಕಿತ್ತು. ಗೆರೆ ಎಳೆದು ಮುಗಿಸಿದವನೇ ತಲೆ ಎತ್ತದೆ ಹಲಗೆಯನ್ನು ಎಡಕ್ಕೆ ಸರಿಸಿಬಿಟ್ಟೆ, ಮನೆಯಲ್ಲಿ ಬಣ್ಣ ತುಂಬಲೆಂದು ಅಣ್ಣನತ್ತ ಸರಿಸುವ ಹಾಗೆ. ಇಲ್ಲಿ ಅಣ್ಣನೂ ಇಲ್ಲ, ಅವನ ಬಣ್ಣ ಮುಗಿದ ಮೇಲೆ ಕಣ್ಣು ಬರೆಯಲು ನೀವೂ ಇಲ್ಲ. ಹಲಗೆ ಮೇಜಿನಿಂದ ಜಾರಿ ಪಕ್ಕದಲ್ಲಿ ಕೂತಿದ್ದ ಗ್ಯಾಲರಿ ಒಡತಿಯ ಮಡಿಲಿಗೆ ಬಿತ್ತು. ಮುಗಿಯಿತೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು!

‘ಮೇಡಂ, ಇದು ಇನ್ನೂ ಆಗಿಲ್ಲ’ ಎಂದೆ. ‘ಮುಟ್ಬೇಡಿ, ಹೀಗೇ ಚೆನ್ನಾಗಿದೆ’ ಎಂದವರು ಹಳೆಯ ಶೈಲಿಯ ಚಿತ್ರಗಳ ಕೋಣೆ ಬಿಟ್ಟು ಹೊಸ ಕಲೆಯ ಕೋಣೆಯಲ್ಲಿ ಅದನ್ನು ತೂಗುಹಾಕಿಸಿದರು. ಕೆಳಗಿನ ಚೀಟಿಯಲ್ಲಿ ನನ್ನೊಬ್ಬನದೇ ಹೆಸರು. ಬೆಳಗಿನಿಂದ ಅದರ ಮುಂದೆ ಎಷ್ಟು ಸಲ ಹೋಗಿ ಬಂದೆನೋ ಲೆಕ್ಕವಿಲ್ಲ. ಕಣ್ಣಿಲ್ಲದ ಮುಖ ನೋಡಿದರೆ ಕೈ ಸುಮ್ಮನಿರುವುದಿಲ್ಲ, ಕುಂಚ ತೆಗೆದು ಮತ್ತೆ ಚೀಲಕ್ಕೇ ಹಾಕುತ್ತೇನೆ. ನಿಮ್ಮ ಕೆಲಸಕ್ಕೆ ನಾನು ಎಂದಾದರೂ ಕೈ ಹಾಕಿದ್ದುಂಟೇ?

ಕಣ್ಣಿನ ಆ ಖಾಲಿ ಜಾಗಕ್ಕೆ ಬಂದವರೆಲ್ಲ ಒಂದೊಂದು ಅರ್ಥ ಹೇಳುತ್ತಾರೆ. ಈಗಷ್ಟೇ ಒಬ್ಬ ಅಜ್ಜಿ ಕನ್ನಡಕ ಏರಿಸಿಕೊಂಡು, ‘ಇಲ್ಲಿ ಏನೂ ಇಲ್ವಲ್ಲಪ್ಪಾ, ಏನಿದು?’ ಎಂದು ನನ್ನನ್ನೇ ಕೇಳಿದರು.

‘ಅದು ನಮ್ಮತ್ತಿಗೆ, ಅಮ್ಮಾ’ ಎಂದೆ.

ಕಾರ್ಡು ತುಂಬಿತು.

ನಿಮ್ಮ ಮೈದುನ