ಭೋಜನ ಹೆಸರಿನ ಪರದೆ

ಪಾಣೆಮಂಗಳೂರು, ೧೯೫೮

ಭೋಜ,

ಈಗ ಸಂಜೆ ಆರು ಗಂಟೆ. ನೀನು ತೀರಿಕೊಂಡ ಮೇಲೆ ಇವತ್ತು ಮೊದಲ ಬಾರಿ ನಿನ್ನ ಹಾಸ್ಟೆಲಿನ ಗೆಳೆಯ ಹಸೈನಾರ್ ಮನೆಗೆ ಬಂದಿದ್ದ. ಕಾಲೇಜಿನ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ನಿನ್ನ ನೆನಪಿಗೆ ಕಾಲೇಜಿಗೆ ಏನಾದರೂ ಕೊಡುತ್ತಾರಂತೆ. ಏನೆಂದು ನಾವೇ ಹೇಳಬೇಕಂತೆ.

"ಲೆಕ್ಕದಲ್ಲಿ ಮೊದಲು ಬಂದವನಿಗೆ ಚಿನ್ನದ ಪದಕ" ಎಂದರು ಅಪ್ಪ.

ಹಸೈನಾರ್ ತಲೆ ತಗ್ಗಿಸಿ ನಗು ನುಂಗಿದ. ನಾನು ಅಡುಗೆಮನೆಯಿಂದ ಹೊರಗೆ ಬಂದೆ.

"ಲೆಕ್ಕದಲ್ಲಿ ಅವನು ಎರಡು ಸಲ ಫೇಲಾದವನು, ಅಪ್ಪ. ಹಾಸ್ಟೆಲಿನ ಹುಡುಗರ ನಾಟಕಕ್ಕೆ ಒಂದು ಪರದೆ ಕೊಡಲಿ."

"ಅದೇ ಸರಿ ಅಕ್ಕ. ಪದಕ ಕೊಡುವವರು ಬಹಳ ಜನ ಉಂಟು" ಎಂದ ಹಸೈನಾರ್. "ಹುಡುಗರು ಈಗಲೂ ಹೊದಿಯುವ ಚಾದರಗಳನ್ನೇ ಹೊಲಿದು ಕಟ್ಟುವುದು. ಭೋಜ ದ್ರೌಪದಿ ಆದ ದಿನ ಅದು ಕಳಚಿ ಬಿದ್ದು, ಒಳಗೆ ದುಶ್ಶಾಸನ ಬೀಡಿ ಎಳೆಯುವುದು ಎಲ್ಲರಿಗೂ ಕಂಡಿತು ಮಾರಾಯ್ರೆ!"

"ಹೆಣ್ಣುವೇಷ ಹಾಕಿದವನೆಂದು ಊರಿಗೆಲ್ಲ ಸಾರಬೇಕಾ?" ಅಪ್ಪ ಗದರಿದರು.

"ಸಾರುವ. ಪರದೆಯ ಮೇಲೆ ಅವನ ಹೆಸರನ್ನೂ ಬರೆಸುವ" ಎಂದೆ.

ಅಪ್ಪನಿಗೆ ನಾನು ಎದುರು ಮಾತಾಡಿದ್ದು ಇದೇ ಮೊದಲು. ಅವರು ಎದ್ದು ಜಗಲಿಗೆ ಹೋದರು. ಸಮಾಧಾನ ಮಾಡಲು ನಾನು ಹಿಂದೆ ಹೋಗಲಿಲ್ಲ.

"ನೀವು ಅವನ ಯಾವ ನಾಟಕ ನೋಡಿದ್ದೀರಿ, ಅಕ್ಕ?" ಎಂದು ಹಸೈನಾರ್ ಕೇಳಿದ.

ನಿನ್ನ ಒಂದು ನಾಟಕವನ್ನೂ ನಾನು ನೋಡಿಲ್ಲವಲ್ಲ. ಅವನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದೆ.

ನಾಳೆ ಬೆಳಗಿನ ಬಸ್ಸಿಗೆ ಮಂಗಳೂರಿಗೆ ಹೋಗುತ್ತೇನೆ. ಪರದೆಯ ಬಟ್ಟೆ ಆರಿಸುವುದು ನಾನೇ.